ವಿದೇಶಕ್ಕೆ ಒಬ್ಬರೇ, ಉಳಿಯುವುದು ಅಲ್ಲಿಯವರ ಮನೆಯಲ್ಲಿ: ಸಂಕೋಚ ಬಿಟ್ಟು ಮಾಡಬೇಕಾದ ತಯಾರಿ

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ನೀರು, ಬೆಲ್ಲ. ಆಮೇಲೆ "ಊಟ ಮಾಡಿಯೇ ಹೋಗ್ಬೇಕು". ನಾವು "ಬೇಡ ಬೇಡ" ಅನ್ನಬೇಕು, ಅವರು ಬಡಿಸಲೇಬೇಕು. ಈ ಆಟದ ನಿಯಮ ಎರಡೂ ಕಡೆಯವರಿಗೆ ಗೊತ್ತು.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಮೊದಲ ರಾತ್ರಿ ನನ್ನ ಹೋಸ್ಟ್ "ಇನ್ನು ಸ್ವಲ್ಪ ಸೂಪ್ ಹಾಕಲಾ?" ಅಂತ ಕೇಳಿದರು. ಅಭ್ಯಾಸಬಲ, "ಬೇಡ" ಅಂದೆ. ಅವರು ಪಾತ್ರೆಗೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಬಂದರು. ಉಡುಪಿಯ ಮನೆ ಬಿಟ್ಟು ಆಗಲೇ ಒಂದೂವರೆ ದಿನ ಆಗಿತ್ತು. ಅರ್ಧ ಹೊಟ್ಟೆಯಲ್ಲಿ ಮಲಗಿದೆ ಮಾರಾಯ್ರೆ.

ಅವರ ತಪ್ಪೇನೂ ಇರಲಿಲ್ಲ. ಬೇಡ ಅಂದವಳು ನಾನು. ಆ ಮೂರು ವಾರಗಳಲ್ಲಿ ನಾನು ಪಟ್ಟ ತೊಂದರೆಗಳನ್ನು ಈಗ ಲೆಕ್ಕ ಹಾಕಿದರೆ, ಹೆಚ್ಚಿನವು ಕೇಳಲು ಸಂಕೋಚಪಟ್ಟದ್ದರಿಂದ ಬಂದವು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ವೀಸಾ, ಟಿಕೆಟ್ ಎಷ್ಟು ಬರುತ್ತದೋ, "ಏನೆಲ್ಲ ಬಾಯಿಬಿಟ್ಟು ಕೇಳಬೇಕು" ಅನ್ನುವುದೂ ಅಷ್ಟೇ ಬರುತ್ತದೆ.

1. ಯಾರ ಮನೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ನನ್ನ ಹೋಸ್ಟ್ ನಿವೃತ್ತ ಶಾಲಾ ಟೀಚರ್. ಅವರ ಮಗಳು ಮಣಿಪಾಲದಲ್ಲಿ ಕೆಲವು ತಿಂಗಳು ಓದುವಾಗ ನಮ್ಮ ಮನೆಗೆ ಬಂದುಹೋಗಿ ಮಾಡುತ್ತಿದ್ದಳು. ಅಮ್ಮ ಮಾಡಿದ ನೀರುದೋಸೆ ತಿಂದ ಋಣ ಅಂತಿಟ್ಟುಕೊಳ್ಳಿ. ಇಂಥ ಪರಿಚಯ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಪರಿಚಯ ಇಲ್ಲದವರಿಗೂ ದಾರಿ ಉಂಟು. ಪ್ರಯಾಣಿಕರಿಗೆ ಅಲ್ಲಿಯವರ ಮನೆಯಲ್ಲೇ ಉಳಿಯಲು ಪರಿಚಯ ಮಾಡಿಕೊಡುವ ಕೆಲಸವನ್ನು ಸರ್ವಾಸ್ ಅನ್ನುವ ಸಂಸ್ಥೆ 1949ರಿಂದ ಮಾಡುತ್ತಿದೆ. ಸದಸ್ಯರಾಗುವವರನ್ನು ಅವರು ಮೊದಲು ಮಾತಾಡಿಸಿ ನೋಡುತ್ತಾರೆ, ಹಾಗಾಗಿ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಇಂಥ ಹೋಸ್ಟ್‌ಗಳನ್ನು ಹುಡುಕುವ ಕೌಚ್‌ಸರ್ಫಿಂಗ್ ವೆಬ್‌ಸೈಟ್ ಹೆಚ್ಚಿನವರಿಗೆ ಗೊತ್ತಿರುವುದೇ. ಅಲ್ಲಿ ಹೋಸ್ಟ್ ಬಗ್ಗೆ ಹಿಂದಿನ ಅತಿಥಿಗಳು ಬರೆದದ್ದನ್ನು ಓದುವಾಗ "ತುಂಬಾ ಒಳ್ಳೆಯವರು" ಅನ್ನುವ ಸಾಲನ್ನು ಬಿಟ್ಟುಬಿಡಿ. ಒಬ್ಬರೇ ಹೋದ ಹೆಂಗಸರು ಏನು ಬರೆದಿದ್ದಾರೆ ಅಂತ ಹುಡುಕಿ ಓದಿ. "ಮನೆಗೆಲಸ ಮಾಡಿಕೊಡಿ, ಊಟ ವಸತಿ ಉಚಿತ" ಅನ್ನುವ ಜಾಹೀರಾತುಗಳಿಂದ ಮಾತ್ರ ದೂರ ಇರಿ. ಪ್ರವಾಸಿ ವೀಸಾದಲ್ಲಿ ಹೋಗಿ ಹಾಗೆ ದುಡಿದರೆ ಹಲವು ದೇಶಗಳಲ್ಲಿ ಅದು ಕೆಲಸ ಅಂತಲೇ ಲೆಕ್ಕ, ವಾಪಸ್ ಕಳಿಸಿಬಿಡಬಹುದು.

ಯಾರೇ ಆಗಲಿ, ಟಿಕೆಟ್ ಮಾಡುವ ಮೊದಲು ಎರಡು ಸಲ ವಿಡಿಯೋ ಕಾಲ್ ಮಾಡಿ. ಒಂದು ಸಲ ನಿಮ್ಮ ಮನೆಯವರೂ ಪಕ್ಕದಲ್ಲಿ ಕೂತಿರಲಿ. ನಮ್ಮಮ್ಮ "ಅಷ್ಟು ದೂರ ಒಬ್ಬಳೇ ಹೋಗ್ಲಿಕ್ಕೆ ಉಂಟಾ?" ಅಂತ ತಿಂಗಳುಗಟ್ಟಲೆ ರಾಗ ಎಳೆಯುತ್ತಿದ್ದವರು, ಟೀಚರ್ ಮುಖ ನೋಡಿದ ಮೇಲೆ ಸುಮ್ಮನಾದರು. ಭಾಷೆ ಬಾರದಿದ್ದರೂ ಇಬ್ಬರೂ ಮಂಡಿನೋವಿನ ಬಗ್ಗೆ ಕೈಸನ್ನೆಯಲ್ಲೇ ಹತ್ತು ನಿಮಿಷ ಮಾತಾಡಿದರು.

ವಿಡಿಯೋದಲ್ಲಿ ಮುಖ ತೋರಿಸಲು ನೆಪ ಹೇಳುವವರು, ಮೊದಲೇ ಹಣ ಕೇಳುವವರು, "ನಿಮಗೆ ಗಿಫ್ಟ್ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ" ಅನ್ನುವವರು ಸಿಕ್ಕಿದರೆ ಮಾತು ಅಲ್ಲಿಗೇ ನಿಲ್ಲಿಸಿ.

2. ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ಬರೆದು ಕಳಿಸಿ

ಎದುರಿಗೆ ಕೇಳಲು ಕಷ್ಟ. ಬರೆದು ಕಳಿಸುವುದು ಸುಲಭ. ನಾನು ಕಳಿಸಿದ್ದು ಕೆಲವೇ ಪ್ರಶ್ನೆ, ಕಳಿಸಬೇಕಾಗಿದ್ದು ಇನ್ನೂ ಎಷ್ಟೋ.

ನನಗೆ ಬೇರೆ ಕೋಣೆ ಇದೆಯಾ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಮನೆಯಲ್ಲಿ ಇನ್ನು ಯಾರಿದ್ದಾರೆ, ನಾಯಿ ಬೆಕ್ಕು ಇದೆಯಾ? ಎಷ್ಟು ದಿನ ಉಳಿದರೆ ನಿಮಗೆ ಹೊರೆಯಾಗುವುದಿಲ್ಲ? ಮನೆಯ ಕೀಲಿ ಒಂದು ನನಗೆ ಕೊಡುತ್ತೀರಾ, ಅಥವಾ ನೀವಿರುವಾಗ ಮಾತ್ರ ಬರಬೇಕಾ? ಅಡುಗೆಮನೆ ಬಳಸಬಹುದಾ? ಬೆಳಿಗ್ಗೆ ಸ್ನಾನ ಮಾಡಿದರೆ ಯಾರಿಗಾದರೂ ತೊಂದರೆಯಾ? ದಿನಸಿಯ ಖರ್ಚು ಹಂಚಿಕೊಳ್ಳೋಣವಾ? ಯಾವ ದಿನ ನೀವು ಊರಲ್ಲಿರುವುದಿಲ್ಲ?

ಊಟದ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು. ನಾನು ಮೀನು ತಿನ್ನುವವಳು, ನನಗೆ ಸುಲಭವಾಯಿತು. ಪಕ್ಕಾ ಸಸ್ಯಾಹಾರಿಗಳಾದರೆ ಸುಮ್ನೆ "ವೆಜಿಟೇರಿಯನ್" ಅಂದರೆ ಸಾಲದು. ಮೀನು ಬೇಡ, ಮೊಟ್ಟೆ ಬೇಡ, ಮಾಂಸ ಬೇಯಿಸಿದ ನೀರಿನ ಸೂಪ್ ಬೇಡ ಅಂತ ಒಂದೊಂದಾಗಿ ಬರೆಯಿರಿ. ಆ ಕಡೆಯ ಶ್ಪೆಟ್ಸ್ಲೆ ನೋಡಲು ನಮ್ಮ ಶ್ಯಾವಿಗೆಯ ತುಂಡಿನ ಹಾಗೆ ಇರುತ್ತದೆ, ಅದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಮೆತ್ತಗಿನ ಬಣ್ಣದ ಮಿಠಾಯಿಗಳಲ್ಲಿ ಹೆಚ್ಚಿನವಕ್ಕೆ ಪ್ರಾಣಿಮೂಲದ ಜೆಲಟಿನ್ ಇರುತ್ತದೆ.

ನಮ್ಮೂರಿನವರ ಹೋಸ್ಟ್ ಅಂದರೆ ಎಷ್ಟೋ ಸಲ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಚಿಕ್ಕಪ್ಪನ ಮಗ. ಅಲ್ಲೂ ಇದೇ ಪ್ರಶ್ನೆ ಕೇಳಿ. ಸ್ವಂತದವರಲ್ವಾ ಅಂತ ಹೋದರೆ ಒಂದೇ ಕೋಣೆಯನ್ನು ನಾಲ್ಕು ಜನ ಹಂಚಿಕೊಂಡಿರುತ್ತಾರೆ. ಪಾಪ, ಬೇಡ ಅನ್ನಲೂ ಅವರಿಗೆ ಬಾಯಿ ಬರುವುದಿಲ್ಲ.

3. ಕಾಗದಪತ್ರ

ನಾನು ಹೋದದ್ದು ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ), ಅದರ ಲೆಕ್ಕ ಹೇಳುತ್ತೇನೆ. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಕೊಡಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಾಗಿರಬೇಕು. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಬೆರಳಚ್ಚು ಕೊಡಲು ನಾನು ಬೆಂಗಳೂರಿಗೆ ಹೋಗಿಬಂದೆ. ರಾತ್ರಿ ಬಸ್ ಹತ್ತಿದರೆ ಒಂದೇ ದಿನದ ಕೆಲಸ.

ಹೋಸ್ಟ್ ಮನೆಯಲ್ಲಿ ಉಳಿಯುವವರಿಗೆ ಇದರ ಮೇಲೆ ಒಂದು ಪತ್ರ ಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದರಲ್ಲಿ ಎರಡು ಬಗೆ ಉಂಟು.

ಒಂದು, ಸಾದಾ ಆಹ್ವಾನ ಪತ್ರ. "ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಮನೆಯಲ್ಲಿ ಉಳಿಯುತ್ತಾರೆ" ಅಂತ ವಿಳಾಸ, ಸಹಿಯ ಜೊತೆ ಹೋಸ್ಟ್ ಬರೆದುಕೊಡುವುದು. ಖರ್ಚು ನಿಮ್ಮದೇ ಆದರೆ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಜರ್ಮನಿಗೆ ಇದನ್ನೇ ಕೊಡಬಹುದು.

ಇನ್ನೊಂದು, ಸರ್ಕಾರಿ ಮುಚ್ಚಳಿಕೆ. ಜರ್ಮನಿಯಲ್ಲಿ ಇದಕ್ಕೆ ಫೆರ್‌ಫ್ಲಿಖ್‌ಟುಂಗ್ಸ್‌ಎರ್ಕ್ಲೇರುಂಗ್ ಅನ್ನುತ್ತಾರೆ. ಹೆಸರು ಹೇಳುವಷ್ಟರಲ್ಲಿ ವೀಸಾ ಅವಧಿ ಮುಗಿಯುತ್ತದೆ. ಹೋಸ್ಟ್ ತಮ್ಮೂರಿನ ವಿದೇಶಿಯರ ಕಚೇರಿಗೆ ಹೋಗಿ, ಸಂಬಳ ಅಥವಾ ಪಿಂಚಣಿಯ ದಾಖಲೆ ತೋರಿಸಿ, 29 ಯೂರೋ ಕಟ್ಟಿ ಮಾಡಿಸಬೇಕು. ಅದರ ಅರ್ಥ, ನಿಮ್ಮ ಊಟ, ವಸತಿ, ಕಾಯಿಲೆ ಬಿದ್ದರೆ ಆಸ್ಪತ್ರೆ, ಎಲ್ಲದರ ಖರ್ಚಿಗೂ ಅವರು ಕಾನೂನಿನ ಪ್ರಕಾರ ಜವಾಬ್ದಾರರು. ನಮ್ಮ ಕಡೆ ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತ ಹಾಗೆ. ನಿಮ್ಮ ಹತ್ತಿರ ಹಣ ಇದ್ದರೆ ಇದನ್ನು ಕೇಳಲೇಬೇಡಿ. ಇಲ್ಲಿ ಮಾತ್ರ ಸಂಕೋಚ ಇರಲಿ.

ದೇಶದಿಂದ ದೇಶಕ್ಕೆ ಈ ಪತ್ರದ ಹೆಸರು, ನಿಯಮ ಬೇರೆ. ಫ್ರಾನ್ಸ್‌ನಲ್ಲಿ ಹೋಸ್ಟ್ ತಮ್ಮ ಊರಿನ ಪುರಸಭೆಗೆ ಹೋಗಿ ಮಾಡಿಸಬೇಕು. ಆಯಾ ದೇಶದ ದೂತಾವಾಸದ ವೆಬ್‌ಸೈಟಿನಲ್ಲಿರುವ ಪಟ್ಟಿಯನ್ನೇ ಹೋಸ್ಟ್‌ಗೆ ಕಳಿಸಿಬಿಡಿ, ಬಾಯಿಮಾತಿನ ವಿವರಣೆ ಬೇಡ.

4. ಊರು ಬಿಡುವ ದಾರಿ

ಮಂಗಳೂರಿನಿಂದ ಯುರೋಪಿಗೆ ನೇರ ವಿಮಾನ ಇಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿ ಹತ್ತಬೇಕು, ಇಲ್ಲವೇ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ಹೋಗಿ ಅಲ್ಲಿಂದ ಬದಲಾಯಿಸಬೇಕು. ದುಬೈ ದಾರಿಯಲ್ಲಿ ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಅಗ್ಗ ಅಂತ ಕಾಣಿಸುತ್ತದೆ. ಆದರೆ ಹಾಗೆ ಮಾಡಿದರೆ ಪೆಟ್ಟಿಗೆ ತೆಗೆದುಕೊಳ್ಳಲು ದುಬೈಯಲ್ಲಿ ಹೊರಗೆ ಬರಬೇಕಾಗಬಹುದು, ಅದಕ್ಕೆ ಅಲ್ಲಿಯ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋಯಿತು. ಒಂದೇ ಟಿಕೆಟ್ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೊರಡುವವರು ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಅಂತ ಹೇಳಲು ಆಗುವುದಿಲ್ಲ. ಗುಡ್ಡದ ಮೇಲಿನ ಬಜ್ಪೆ ರನ್‌ವೇಯಲ್ಲಿ ಮಳೆಗೆ ಇಳಿಯಲಾಗದೆ ವಿಮಾನ ಬೇರೆ ಊರಿಗೆ ತಿರುಗುವುದೂ ನಮಗೆ ಹೊಸದಲ್ಲ.

5. ಪೆಟ್ಟಿಗೆ ತುಂಬುವಾಗ

ಹೋಸ್ಟ್ ಮನೆಗೆ ಬರಿಗೈಯಲ್ಲಿ ಹೋಗುವವರು ನಾವಲ್ಲ. ಆದರೆ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಪೇಡೆ ಇಲ್ಲ, ತುಪ್ಪ ಇಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಮಲ್ಲಿಗೆ ಚೆಂಡು ಮನೆಯಲ್ಲೇ ಇರಲಿ. ಒಣ ಕೊಬ್ಬರಿಯ ಎಣ್ಣೆಯಂಶ ಬೆಂಕಿಗೆ ಅಪಾಯ ಅಂತ ವಿಮಾನದಲ್ಲಿ ಬಿಡುವುದಿಲ್ಲ. ನಾನು ಒಯ್ದದ್ದು ಗೇರುಬೀಜ, ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿದ ಹಾಳೆ), ಒಂದು ಉಡುಪಿ ಸೀರೆ. ಸೀರೆಯನ್ನು ಟೀಚರ್ ಊಟದ ಮೇಜಿಗೆ ಹಾಸಿದರು. ನೇಯ್ದವರಿಗೆ ಹೇಳಬೇಡಿ. ಮಾಂಬಳವನ್ನು "ಇದು ಚರ್ಮವಾ?" ಅಂತ ಕೇಳಿದರು, ತಿಂದು ನೋಡಿದ ಮೇಲೆ ಡಬ್ಬಿ ಅಡಗಿಸಿಟ್ಟರು.

ಗಲ್ಫ್‌ಗೆ ಹೋಗುವವರು ಮಸಾಲೆ ಡಬ್ಬಿ ಒಮ್ಮೆ ಬಿಚ್ಚಿ ನೋಡಿ. ಯುಎಇಯಲ್ಲಿ ಗಸಗಸೆ ನಿಷೇಧ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳೂ ಮೊದಲೇ ಅನುಮತಿ ಪಡೆಯದೆ ಒಯ್ಯುವಂಥವಲ್ಲ.

ಹೊರಡುವ ಮುಂಚಿನ ದಿನ ಯಾರಾದರೂ ಬಂದೇ ಬರುತ್ತಾರೆ. "ನಮ್ಮ ಹುಡುಗನಿಗೆ ಈ ಸಣ್ಣ ಪೊಟ್ಟಣ ಕೊಡ್ತೀರಾ ಅಕ್ಕಾ?" ಪೊಟ್ಟಣ ಹೊಲಿದಿರುತ್ತದೆ, ಟೇಪ್ ಸುತ್ತಿರುತ್ತದೆ. ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಬಿಚ್ಚಲು ಒಪ್ಪದಿದ್ದರೆ ಬೇಡ ಅಂತ ಮುಖಕ್ಕೇ ಹೇಳಿ. ಪೆಟ್ಟಿಗೆ ನಿಮ್ಮದು ಅಂದ ಮೇಲೆ ಅದರೊಳಗಿರುವುದಕ್ಕೆ ಉತ್ತರ ಕೊಡಬೇಕಾದವರು ನೀವು.

ದುಡ್ಡಿನ ವಿಷಯ ಚುಟುಕಾಗಿ: ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಮಾಡಿಸಿ, ಸ್ವಲ್ಪ ನೋಟು ಇಟ್ಟುಕೊಳ್ಳಿ. ಜರ್ಮನಿಯ ಸಣ್ಣ ಅಂಗಡಿ, ಬೇಕರಿಗಳಲ್ಲಿ ಈಗಲೂ ನಗದು ಕೇಳುವುದುಂಟು. ಅಂಗಡಿಯ ಮೆಷಿನ್ "ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ?" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ ದರಕ್ಕೆ ತಲೆ ಕೊಡಬೇಕು.

6. ಇಳಿದ ದಿನ

ಹೋಸ್ಟ್ ಹೆಸರು, ಪೂರ್ತಿ ವಿಳಾಸ, ಫೋನ್ ನಂಬರನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಒಳಗೆ ಇಟ್ಟುಕೊಳ್ಳಿ. ಇಮಿಗ್ರೇಷನ್‌ನಲ್ಲಿ "ಎಲ್ಲಿ ಉಳಿಯುತ್ತೀರಿ?" ಅಂತ ಕೇಳಿಯೇ ಕೇಳುತ್ತಾರೆ. ಆಹ್ವಾನ ಪತ್ರ, ವಿಮೆ, ವಾಪಸ್ ಟಿಕೆಟ್ ಮೂರೂ ಕೈಗೆ ಸಿಗುವ ಹಾಗಿರಲಿ. ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಶುರು ಮಾಡಿವೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಫೋಟೊ ತೆಗೆದುಕೊಂಡು ಕಂಪ್ಯೂಟರಿಗೆ ಹಾಕುತ್ತಾರೆ. ಸಾಲು ಉದ್ದ ಇದ್ದರೆ ಗಾಬರಿ ಬೇಡ, ಮುಂದಿನ ರೈಲಿಗೆ ಸಮಯ ಬಿಟ್ಟು ಟಿಕೆಟ್ ಮಾಡಿ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ ದೂರದ ರೈಲುಗಳ ಸ್ಟೇಷನ್ ಉಂಟು. ಅಲ್ಲಿಂದ ಸ್ಟುಟ್‌ಗಾರ್ಟ್, ಅಲ್ಲಿ ಬದಲಾಯಿಸಿ ಟ್ಯೂಬಿಂಗನ್. ಇಷ್ಟು ನಾನು ಮೊದಲೇ ಕಲಿತಿದ್ದೆ. ಕೈಕೊಟ್ಟದ್ದು ಫೋನ್. ಇಲ್ಲಿಂದ ಹಾಕಿಸಿಕೊಂಡು ಹೋದ ರೋಮಿಂಗ್ ಪ್ಯಾಕ್ ಟ್ಯೂಬಿಂಗನ್ ಸ್ಟೇಷನ್‌ನಲ್ಲಿ ಏನು ಮಾಡಿದರೂ ನಡೆಯಲಿಲ್ಲ. ಟೀಚರ್ ಎಲ್ಲಿ ನಿಂತಿದ್ದಾರೆ ಗೊತ್ತಿಲ್ಲ, ನಾನು ಎಲ್ಲಿ ನಿಂತಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ. ಅರ್ಧ ಗಂಟೆ ಸುಮ್ನೆ ನಿಂತೆ, ಯಾರನ್ನಾದರೂ ಕೇಳಲು ಮತ್ತೆ ಅದೇ ಸಂಕೋಚ. ಕೊನೆಗೆ ಕಾಗದ ಹಿಡಿದು ಒಬ್ಬ ಕಾಲೇಜು ಹುಡುಗಿಯನ್ನು ಕೇಳಿದೆ. ಅವಳೇ ತನ್ನ ಫೋನಿನಿಂದ ಕಾಲ್ ಮಾಡಿಕೊಟ್ಟಳು. ಟೀಚರ್ ಸ್ಟೇಷನ್ನಿನ ಇನ್ನೊಂದು ಬಾಗಿಲಲ್ಲಿದ್ದರು.

ಹಾಗಾಗಿ "ಸ್ಟೇಷನ್‌ನಲ್ಲಿ ಸಿಗೋಣ" ಸಾಲದು. "ಇಂಥ ಬಾಗಿಲಿನ ಎದುರು, ಇಂಥ ಅಂಗಡಿಯ ಪಕ್ಕ, ಇಷ್ಟು ಗಂಟೆಯ ತನಕ ಕಾಯುತ್ತೇನೆ, ಸಿಗದಿದ್ದರೆ ನಾನೇ ಮನೆಗೆ ಬರುತ್ತೇನೆ" ಅಂತ ಮೊದಲೇ ಮಾತಾಡಿಕೊಳ್ಳಿ. ರೋಮಿಂಗ್ ಜೊತೆ ಒಂದು ಇ-ಸಿಮ್ ಕೂಡ ಇಟ್ಟುಕೊಳ್ಳಿ.

7. ಆ ಮನೆಯೊಳಗೆ

ಮೊದಲ ದಿನವೇ ಬಚ್ಚಲುಮನೆ ಹೇಗೆ ಬಳಸುವುದು ಅಂತ ಕೇಳಿ. ನಗು ಬರಬಹುದು, ಆದರೂ ಕೇಳಿ. ನಮ್ಮ ಬಚ್ಚಲಲ್ಲಿ ಎಲ್ಲಿ ನೀರು ಸುರಿದರೂ ಮೂಲೆಯ ತೂತಿಗೆ ಹೋಗುತ್ತದೆ. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಷವರ್ ಜಾಗ ಬಿಟ್ಟರೆ ನೆಲದಲ್ಲಿ ತೂತೇ ಇರುವುದಿಲ್ಲ. ನಾನು ಶೌಚಕ್ಕೆ ಅಂತ ಒಯ್ದ ಚೊಂಬಿನಲ್ಲಿ ಧಾರಾಳವಾಗಿ ನೀರು ಬಳಸಿ ಹೊರಗೆ ಬಂದೆ. ನೀರು ನನ್ನ ಹಿಂದೆಯೇ ಬಾಗಿಲ ಸಂದಿಯಿಂದ ಹೊರಗೆ ಬಂತು. ಮರದ ನೆಲ. ಟೀಚರ್ ಏನೂ ಅನ್ನಲಿಲ್ಲ, ಎರಡು ಟವೆಲ್ ತಂದು ಮಂಡಿಯೂರಿ ಕೂತರು. ನಾನೂ ಕೂತೆ. ಜಪಾನಿಗೆ ಹೋಗುವವರಿಗೆ ಬೇರೆ ಪಾಠ. ಅಲ್ಲಿ ಹೊರಗೆ ಸೋಪು ಹಾಕಿ ಮೈ ತೊಳೆದೇ ತೊಟ್ಟಿಗೆ ಇಳಿಯಬೇಕು. ಆ ಬಿಸಿನೀರು ಮನೆಮಂದಿಗೆಲ್ಲ ಸೇರಿದ್ದು, ಎದ್ದು ಬರುವಾಗ ಖಾಲಿ ಮಾಡುವಂತಿಲ್ಲ.

ಎರಡನೆಯದು ಒಗ್ಗರಣೆ. ಒಂದು ಭಾನುವಾರ ನೀರುದೋಸೆ ಮಾಡಿಕೊಡುತ್ತೇನೆ ಅಂತ ಉತ್ಸಾಹದಲ್ಲಿ ಹೇಳಿದೆ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ ತರಬೇಕಿತ್ತು. ಮನೆಯಲ್ಲಿದ್ದದ್ದು ಪಾಯಸಕ್ಕೆ ಬಳಸುವ ಗುಂಡು ಅಕ್ಕಿ. ಅದನ್ನೇ ನೆನೆಸಿ ಅರೆದೆ. ದೋಸೆ ಕಾವಲಿಗೆ ಅಂಟಿ ಅಂಟಿ, ಕೊನೆಗೆ ಕೆರೆದು ಎತ್ತಿದ್ದು ಉಪ್ಪಿಟ್ಟಿನ ಹಾಗಿತ್ತು. ಹೋಗಲಿ, ಚಟ್ನಿಯಾದರೂ ಸರಿಯಾಗಲಿ ಅಂತ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸು ಹಾಕಿದೆ. ಚಟಪಟ ಅನ್ನುವಷ್ಟರಲ್ಲಿ ಮಾಡಿನಿಂದ ಕಿವಿ ಕಿತ್ತುಹೋಗುವ ಸೈರನ್. ಹೊಗೆ ಪತ್ತೆ ಮಾಡುವ ಅಲಾರಂ ಅದು. ಮೇಲಿನ ಮನೆಯವರು ಇಳಿದು ಬಂದರು. ಬಂದವರಿಗೆ ಕೆಮ್ಮು. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ, ಚಿಮಣಿ ಫ್ಯಾನ್ ಹಾಕಿ, ಅಲಾರಂ ಎಲ್ಲಿದೆ ಅಂತ ಕೇಳಿ.

ಮೂರನೆಯದಕ್ಕೆ ನನ್ನ ಮರ್ಯಾದೆ ಸ್ವಲ್ಪ ವಾಪಸ್ ಬಂತು. ಮನೆ ಬಾಗಿಲಲ್ಲಿ ಒಂದು ಸಣ್ಣ ಫಲಕ ನೇತಾಡುತ್ತಿತ್ತು. ಏನು ಅಂತ ಕೇಳಿದೆ. ಕೇರ್‌ವೋಖೆ, ಅಂದರೆ ಗುಡಿಸುವ ವಾರ. ಆ ಸೀಮೆಯಲ್ಲಿ ಒಂದೇ ಕಟ್ಟಡದ ಮನೆಯವರು ಸರದಿಯಲ್ಲಿ ಮೆಟ್ಟಿಲು, ಅಂಗಳ ಗುಡಿಸುವ ಪದ್ಧತಿ. ಫಲಕ ಯಾರ ಬಾಗಿಲಲ್ಲಿದೆಯೋ ಆ ವಾರ ಅವರ ಪಾಳಿ. ಟೀಚರ್‌ಗೆ ಮಂಡಿನೋವು, ನಾನು ಪೊರಕೆ ತೆಗೆದುಕೊಂಡೆ. ದಿನಾ ಬೆಳಿಗ್ಗೆ ಅಂಗಳ ಗುಡಿಸಿ ಬೆಳೆದವಳಿಗೆ ಅದೇನು ದೊಡ್ಡದು? ಆದರೆ ಆ ಕೆಲಸದ ನಂತರ ಮೇಲಿನ ಮನೆಯವರೂ ನನಗೆ ಗುಡ್ ಮಾರ್ನಿಂಗ್ ಹೇಳಲು ಶುರು ಮಾಡಿದರು. "ನಾನೇನಾದರೂ ಮಾಡಲಾ?" ಅಂತ ಕೇಳಿದರೆ ಅವರೂ "ಬೇಡ" ಅನ್ನುತ್ತಾರೆ. "ಇದು ನಾನು ಮಾಡುತ್ತೇನೆ" ಅಂತ ಒಂದು ಕೆಲಸ ಹಿಡಿದುಬಿಡಿ.

ಇನ್ನು ಉಳಿದದ್ದು: ರಾತ್ರಿ 10ರ ನಂತರ ಊರಿಗೆ ಸ್ಪೀಕರ್ ಹಾಕಿ ಫೋನ್ ಬೇಡ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಮ್ಮನಿಗೂ ಅದು ನಿದ್ದೆಯ ಹೊತ್ತು. ಕಸ ಯಾವ ಡಬ್ಬಿಗೆ ಅಂತ ಕೇಳಿ ಹಾಕಿ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ, ಸೂಪರ್‌ಮಾರ್ಕೆಟ್ಟಿನ ಮೆಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್. ದಿನವಿಡೀ ಹೋಸ್ಟ್ ಬೆನ್ನಿಗೆ ಬೀಳಬೇಡಿ, ಅವರಿಗೂ ಅವರ ಕೆಲಸ ಇರುತ್ತದೆ.

ನಾನು ಆ ಊರು ಆರಿಸಿದ್ದಕ್ಕೆ ಕಾರಣ ಕಿಟ್ಟೆಲ್. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ 1894ರಲ್ಲಿ ಅಚ್ಚಾದ ಕನ್ನಡ ನಿಘಂಟು ಅವರದು, ಅವರು 1903ರಲ್ಲಿ ತೀರಿಹೋದದ್ದು ಟ್ಯೂಬಿಂಗನ್‌ನಲ್ಲಿ. ಟೀಚರ್‌ಗೆ ಅವರ ಹೆಸರೇ ಗೊತ್ತಿರಲಿಲ್ಲ. ಹಾಗಾಗಿ ಆ ಗಲ್ಲಿಗಳಲ್ಲಿ ದಿನವೂ ಒಬ್ಬಳೇ ನಡೆದೆ, ಸಂಜೆ ಬಂದು ಅವರಿಗೆ ಕಥೆ ಹೇಳಿದೆ. ಇಬ್ಬರಿಗೂ ಅದು ಒಳ್ಳೆಯದಾಯಿತು.

8. ಹೋಸ್ಟ್ ಇಲ್ಲದ ದಿನಕ್ಕೆ

ಹನ್ನೊಂದನೆಯ ದಿನ ಬೆಳಿಗ್ಗೆ ಟೀಚರ್‌ಗೆ ಫೋನ್ ಬಂತು. ಹ್ಯಾಂಬರ್ಗ್‌ನಲ್ಲಿರುವ ತಂಗಿಗೆ ಹುಷಾರಿಲ್ಲ. ಮಧ್ಯಾಹ್ನದ ರೈಲಿಗೆ ಅವರು ಹೊರಟರು. ಕೀಲಿ ನನ್ನ ಕೈಗಿಟ್ಟು "ನೀನು ಇರು" ಅಂದರು, ಆದರೆ ಮುಖದಲ್ಲಿ ಕಾಳಜಿ ಕಾಣುತ್ತಿತ್ತು. ಯಜಮಾನರಿಲ್ಲದ ಮನೆಯಲ್ಲಿ ನನಗೂ ಸರಿಬರಲಿಲ್ಲ. ಮೂರು ದಿನ ಬಾಸೆಲ್‌ಗೆ ಹೋದೆ. ಸ್ವಿಟ್ಜರ್ಲೆಂಡ್‌ಗೂ ಷೆಂಗೆನ್ ವೀಸಾ ನಡೆಯುತ್ತದೆ, ವೀಸಾ ಒಂದಕ್ಕಿಂತ ಹೆಚ್ಚು ದೇಶಕ್ಕೆ ಸಲ್ಲುತ್ತದೆಯಾ ಅಂತ ಮಾತ್ರ ಸ್ಟಿಕ್ಕರ್ ಓದಿ ನೋಡಿಕೊಳ್ಳಿ. ಮಿಷನ್‌ನವರ ಹಳೆಯ ಕಾಗದಪತ್ರ, ನಮ್ಮ ಕರಾವಳಿಯ ಫೋಟೊಗಳು ಇರುವುದು ಆ ಊರಲ್ಲಿ.

ಇದು ಸಾಧ್ಯವಾದದ್ದು ಮೂರು ರಾತ್ರಿಯ ಹೋಟೆಲ್ ದುಡ್ಡನ್ನು ಬೇರೆ ಕಾರ್ಡಿನಲ್ಲಿ ಮುಟ್ಟದೆ ಇಟ್ಟಿದ್ದರಿಂದ. ನೀವೂ ಇಡಿ. ಮನೆಯಲ್ಲಿ ಯಾರದಾದರೂ ನಡವಳಿಕೆ ಸರಿಕಾಣದಿದ್ದರೂ ಇದೇ ದುಡ್ಡು ಬಾಗಿಲು ತೆರೆಯುತ್ತದೆ. ಆಗ ಕಾರಣ ಹೇಳುತ್ತಾ ಕೂರಬೇಡಿ, "ನಾಳೆ ಹೊರಡುತ್ತೇನೆ" ಅಂತಲೂ ಬೇಡ, ಆಗಲೇ ಹೊರಡಿ. ಪಾಸ್‌ಪೋರ್ಟ್ "ಭದ್ರವಾಗಿ ಇಡುತ್ತೇನೆ" ಅಂತ ಯಾರೇ ಕೇಳಿದರೂ ಕೊಡಬೇಡಿ, ಸ್ವಂತ ಸಂಬಂಧಿಕರಾದರೂ ಸರಿ. ಮನೆಯವರ ಜೊತೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮದು "ಮಟ್ಟುಗುಳ್ಳ ಸಿಕ್ಕಿತಾ?". ನಾನು ಹಾಗೆ ಮೆಸೇಜ್ ಮಾಡಿದರೆ ತಮ್ಮ ಕೂಡಲೇ ಫೋನ್ ಮಾಡಿ ಊರಿನ ತುರ್ತು ನೆಪ ಹೇಳಬೇಕು. ಬಳಸುವ ಪ್ರಸಂಗ ಬರಲಿಲ್ಲ.

ಯುರೋಪಿನಲ್ಲಿ ತುರ್ತು ನಂಬರ್ 112. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿಯ ಪೊಲೀಸರಲ್ಲಿ ದೂರು, ಆಮೇಲೆ ಭಾರತೀಯ ದೂತಾವಾಸ. ಊರಿಗೆ ಮರಳಲು ಅವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟ್, ವೀಸಾದ ಫೋಟೊ ಮನೆಯವರ ಫೋನಿನಲ್ಲೂ ಇರಲಿ.

9. ಹೊರಡುವಾಗ

ಹಾಸಿಗೆಯ ಬೆಡ್‌ಶೀಟ್ ತೆಗೆದು ಎಲ್ಲಿಡಬೇಕು ಅಂತ ಕೇಳಿ. ಕೀಲಿ ಮರೆತು ಬ್ಯಾಗಿನಲ್ಲೇ ತರಬೇಡಿ. ದುಡ್ಡು ಕೊಡಲು ಹೋದರೆ ಬೇಸರವಾದೀತು, ಒಂದು ಸಂಜೆ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿ. ಮನೆ ತಲುಪಿದ ದಿನವೇ ಒಂದು ಮೆಸೇಜ್.

ಟೀಚರ್ ಈ ಡಿಸೆಂಬರ್‌ನಲ್ಲಿ ಉಡುಪಿಗೆ ಬರುತ್ತಿದ್ದಾರೆ. ಹೋದ ವಾರ ಅವರ ಪ್ರಶ್ನೆಗಳ ಪಟ್ಟಿ ಬಂತು, ಒಟ್ಟು ಹದಿನಾಲ್ಕು. ನಾಲ್ಕನೆಯದು, "ನಿಮ್ಮ ಬಚ್ಚಲಲ್ಲಿ ನೆಲದ ಮೇಲೆ ನೀರು ಬಿದ್ದರೆ ತೊಂದರೆಯಾ?"

ಎಷ್ಟು ಬೇಕಾದರೂ ಸುರಿಯಿರಿ ಅಂತ ಬರೆದಿದ್ದೇನೆ.